ಒಂದು ಸೀನು, ಎರಡು ಕುರ್ಚಿ

ಎಲ್ಲದಕ್ಕೂ ಮೂಲ ಹುಬರ್ ಸಾಹೇಬರ ಒಂದು ಸೀನು.

ಅರಬ್ ನಾಡಿನ ದಮ್ಮಾಮಿನಲ್ಲಿರುವ ಪಂಪು ಕಂಪನಿಯೊಂದಕ್ಕೆ ಹುಬರ್ ಮ್ಯಾನೇಜರು, ಆಸ್ಟ್ರಿಯಾದವರು. ಗುರುವಾರ ಚಹದ ಹೊತ್ತಿನಲ್ಲಿ ಅವರು ಸೀನಿದಾಗ ಪುತ್ತೂರಿನ ಶಿವರಾಮ ಥಟ್ಟನೆ ಎದ್ದು ಟಿಶ್ಯೂ ಡಬ್ಬ ಚಾಚಿದ. ಪಕ್ಕದಲ್ಲಿದ್ದ ಭಟ್ಕಳದ ಝುಹೈರ್ ಕೂತಲ್ಲಿಂದಲೇ "ಗೆಸುಂಡ್‌ಹೈಟ್!" ಎಂದ. ಸೀನಿದವರಿಗೆ ಜರ್ಮನ್ ಮಾತಿನವರು ಹೇಳುವ ಹಾರೈಕೆಯಂತೆ ಅದು. ಸಾಹೇಬರು ಹಿಗ್ಗಿ ಹೀರೆಕಾಯಿಯಾಗಿ ಝುಹೈರನ ಬೆನ್ನು ತಟ್ಟಿದರು, ತಮ್ಮ ಊರಿನ ಕತೆಯನ್ನೆಲ್ಲ ಅವನಿಗೆ ಹೇಳಿದರು. ಟಿಶ್ಯೂ ಡಬ್ಬ ಶಿವರಾಮನ ಕೈಯಲ್ಲೇ ಉಳಿಯಿತು.

ಅವನ ಹೊಟ್ಟೆಯೊಳಗೆ ಯಾರೋ ಗಾಂಧಾರಿ ಮೆಣಸು ಅರೆದಂತಾಯಿತು. ಬಿಡಿಭಾಗಗಳ ವಿಭಾಗದ ಮುಖ್ಯಸ್ಥರು ಕೆಲಸ ಬಿಟ್ಟು ತಿಂಗಳಾಗಿತ್ತು. ಆ ಕುರ್ಚಿಗೆ ಇದ್ದವರು ಇಬ್ಬರೇ: ಹನ್ನೊಂದು ವರ್ಷ ದುಡಿದ ಶಿವರಾಮ, ಏಳು ವರ್ಷ ದುಡಿದ ಝುಹೈರ್. ಇಷ್ಟು ದಿನ ಝುಹೈರನ ಸೊಂಪಾದ ಕೂದಲು, ಸಂಜೆಯಾದರೂ ಸುಕ್ಕಾಗದ ಅಂಗಿ, ಅವನ ಹೆಂಡತಿ ನಬೀಹಾ ಕಟ್ಟಿಕೊಡುವ ಬಿರಿಯಾನಿ ಇಷ್ಟೇ ಶಿವರಾಮನ ಕಣ್ಣು ಕುಕ್ಕುತ್ತಿದ್ದವು. ಬಿರಿಯಾನಿಯ ಮೇಲಂತೂ ಎರಡು ಸಲ ಬಡಿಸಿಕೊಂಡು ತಿಂದೇ ಅಸೂಯೆಪಡುತ್ತಿದ್ದ. ಈಗ ಜರ್ಮನ್ ಬೇರೆ!

ವಾರದ ರಜೆ ಎರಡು ದಿನವೂ ಈ ಉರಿಯಲ್ಲೇ ಬೆಂದುಹೋಯಿತು. ಆದಿತ್ಯವಾರ ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದ ಹೆಂಡತಿ ರತ್ನಪ್ರಭಾಳ ಹಿಂದೆ ನಿಂತು ಗೋಳಾಡಿದ.

"ಇವತ್ತು ಸಾಹೇಬ್ರ ಮೀಟಿಂಗ್ ಉಂಟು. ನಂಗೂ ಒಂದು ಜರ್ಮನ್ ಶಬ್ದ ಬೇಕು ಮಾರಾಯ್ತಿ. ಅವಂದಕ್ಕಿಂತ ದೊಡ್ಡದು."

"ಸಾಹೇಬ್ರು ಸೀನಿದ್ರೆ ಸೀನ್ಲಿ. ನಿಮಗೆಂತಕ್ಕೆ ಆ ಉಸಾಬರಿ?" ಎಂದಳು ಅವಳು.

ಚರಿತ್ರೆಯ ಪುಸ್ತಕದಲ್ಲಿ ಮುಳುಗಿದ್ದ ಮಗಳು ವರ್ಷಾ ತಲೆಯೆತ್ತಿದಳು. "ಅಪ್ಪಾ, ಔಸ್‌ಗ್ಲೈಷ್ ಅಂತ ಒಂದುಂಟು. ಇವತ್ತು ಟೆಸ್ಟಿಗೆ ಬರ್ತದೆ."

"ಎಂತ ಹಾಗಂದ್ರೆ?"

"ಎಯ್ಟೀನ್ ಸಿಕ್ಸ್‌ಟಿಸೆವೆನ್. ಆಸ್ಟ್ರಿಯಾಕ್ಕೂ ಹಂಗೇರಿಗೂ ಆದ ಕಾಂಪ್ರಮೈಸ್. ರಾಜ ಒಬ್ನೇ, ಆದ್ರೆ ಸರಕಾರ ಎರಡು, ರಾಜಧಾನಿ ಎರಡು. ಇಬ್ರೂ ಈಕ್ವಲ್. ಇಂಗ್ಲಿಷ್ ಬುಕ್ಕಲ್ಲೂ ಅದನ್ನ ಜರ್ಮನ್ ಹೆಸ್ರಲ್ಲೇ ಹೇಳ್ತಾರೆ."

ಆಸ್ಟ್ರಿಯಾ! ಶಿವರಾಮನಿಗೆ ಮಗಳ ಕಾಲಿಗೆ ಬೀಳಬೇಕೆನಿಸಿತು. ಶಬ್ದವನ್ನು ಅಂಗೈ ಮೇಲೆ ಬರೆದುಕೊಂಡು ಹೊರಟ.

ಗೋದಾಮು ನೋಡಿಕೊಳ್ಳುವ ಉಳ್ಳಾಲದ ಅಲಿಯಬ್ಬನ ಕಾರಿನಲ್ಲೇ ಅವನ ದಿನದ ಪ್ರಯಾಣ. ದಾರಿಯುದ್ದಕ್ಕೂ ಶಿವರಾಮ ಮಂತ್ರ ಜಪಿಸುವವನ ಹಾಗೆ ಆ ಶಬ್ದವನ್ನೇ ಗೊಣಗುತ್ತಿದ್ದ.

"ಎಂತ ಶಿವರಾಮಣ್ಣ, ಔಷಧದ ಗ್ಲಾಸಾ? ಹುಷಾರಿಲ್ವಾ?" ಎಂದು ಅಲಿಯಬ್ಬ ಕೇಳಿದ.

ಗುಟ್ಟು ಬಿಟ್ಟುಕೊಟ್ಟರೆ ಅದು ನೇರ ಝುಹೈರನ ಕಿವಿಗೆ ಹೋಗುತ್ತದೆ. ಶಿವರಾಮ ಬಾಯಿಗೆ ಬಂದದ್ದು ಹೇಳಿದ: "ಎಂತ ಇಲ್ಲ ಮಾರಾಯ. ಸ್ವಲ್ಪ ಹೊಟ್ಟೆಯುರಿ, ಅಷ್ಟೇ."

ಅವನಿಗೆ ಗೊತ್ತಿಲ್ಲದೆಯೇ ಸತ್ಯ ಹೊರಬಿದ್ದಿತ್ತು.

ಅಲಿಯಬ್ಬನ ಬಾಯಿಗೆ ಸಿಕ್ಕಿದ ಸುದ್ದಿ ಲಿಫ್ಟಿಗಿಂತ ಮೊದಲು ಮೂರನೇ ಮಾಳಿಗೆ ಮುಟ್ಟಿತು. ಒಂಬತ್ತು ಗಂಟೆಗೆ ಗ್ಯಾಸ್ ಆಗಿದ್ದದ್ದು ಹತ್ತಕ್ಕೆ ಅಲ್ಸರ್ ಆಯಿತು, ಹತ್ತೂವರೆಗೆ ಆಪರೇಷನ್ ಎಂದಾಯಿತು. ಲಾಹೋರಿನ ಫೋರ್‌ಮನ್ ಇಸಬ್‌ಗೋಲಿನ ಪೊಟ್ಟಣ ತಂದುಕೊಟ್ಟ. ಟೈಪಿಸ್ಟು ಕಣ್ಣೊರೆಸಿಕೊಂಡ. ಕೊನೆಗೆ ಝುಹೈರನೇ ಒಂದು ದೊಡ್ಡ ಲೋಟ ಲಬನ್ ಹಿಡಿದು ಬಂದ.

"ಶಿವರಾಮಣ್ಣ, ಮಜ್ಜಿಗೆ ಕುಡೀರಿ, ಹೊಟ್ಟೆ ತಂಪಾಗ್ತದೆ. ನಿಮ್ಮ ರಿಪೋರ್ಟು ಮೀಟಿಂಗಲ್ಲಿ ನಾನು ಓದ್ತೇನೆ. ನೀವು ಮನೆಗೆ ಹೋಗಿ ಮಲಗಿ."

ಕುರ್ಚಿ ಸಾಲದೆಂದು ರಿಪೋರ್ಟನ್ನೂ ಹೊಡೆಯಲು ಬಂದನಲ್ಲ! "ಬೇಡ, ಬೇಡ!" ಎಂದು ಶಿವರಾಮ ಫೈಲನ್ನು ಎದೆಗವಚಿಕೊಂಡ. ಅವನ ಮೊಣಕೈ ಲೋಟಕ್ಕೆ ತಾಗಿ ಮಜ್ಜಿಗೆಯೆಲ್ಲ ಅಂಗಿಯ ಮೇಲೆ ಸುರಿಯಿತು. ನಲ್ಲಿಯಲ್ಲಿ ಅಂಗಿ ತೊಳೆದುಕೊಂಡು ನೋಡುತ್ತಾನೆ, ಅಂಗೈ ಮೇಲಿನ ಶಬ್ದವೇ ಇಲ್ಲ! ನೆನಪಿಸಿಕೊಂಡಷ್ಟೂ ಔಷಧದ ಗ್ಲಾಸೇ ಕಣ್ಣ ಮುಂದೆ ಬರುತ್ತಿತ್ತು. ಮನೆಗೆ ಫೋನು ಮಾಡಿದರೆ ರತ್ನಪ್ರಭಾ, "ಪುಸ್ತಕ ಅವಳೇ ತಗೊಂಡು ಹೋಗಿದ್ದಾಳೆ. ಐಸ್‌ಕ್ರೀಮಿನ ಹಾಗೆ ಎಂತದೋ ಇತ್ತಪ್ಪ" ಎಂದಳು.

ಒದ್ದೆ ಅಂಗಿಯಲ್ಲೇ ಸಭೆಯಲ್ಲಿ ಕೂತ. ನೆತ್ತಿಯ ಮೇಲೆ ಏಸಿ ಹಿಮಾಲಯದ ಗಾಳಿಯಂತೆ ಬೀಸುತ್ತಿತ್ತು. ಹುಬರ್ ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಶಿವರಾಮನ ಮೂಗಿನ ತುದಿ ತುರಿಸಿತು. ಕಟ್ಟೆಯೊಡೆದ ಹಾಗೆ ಸೀನು ಬಂತು:

"ಔಸ್... ಗ್ಲೈಷ್!"

ಸಾಹೇಬರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. "ಏನೆಂದೆ? ಔಸ್‌ಗ್ಲೈಷ್? ಅದೇನೆಂದು ನಿನಗೆ ಗೊತ್ತೇ?"

ಶಿವರಾಮ ಎದ್ದು ನಿಂತ. ಮಗಳು ಹೇಳಿದ್ದಕ್ಕೆ ತನ್ನದೂ ಒಗ್ಗರಣೆ ಸೇರಿಸಿದ. "ಗೊತ್ತು ಸರ್. ರಾಜ ಒಬ್ಬನೇ, ಕೆಳಗೆ ಆಳುವವರು ಇಬ್ಬರು. ಅವರವರ ರಾಜಧಾನಿ ಅವರವರಿಗೆ. ಒಬ್ಬರ ಮೇಲೊಬ್ಬರಿಗೆ ಅಸೂಯೆಯಿಲ್ಲ. ಲೋಕದಲ್ಲಿ ಅದಕ್ಕಿಂತ ಒಳ್ಳೆಯ ಏರ್ಪಾಟೇ ಇಲ್ಲ ಸರ್!"

ಹೇಳುತ್ತಲೇ ಝುಹೈರನ ಮುಖ ಬಾಡಿತೇ ಎಂದು ಓರೆಗಣ್ಣಿನಲ್ಲಿ ನೋಡಿದ. ಝುಹೈರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಅವನ ಚಪ್ಪಾಳೆಯೂ ತನ್ನ ಸೀನಿಗಿಂತ ಗಟ್ಟಿಯಾಗಿದೆಯಲ್ಲ ಎಂದು ಶಿವರಾಮನಿಗೆ ಸಂಕಟವಾಯಿತು.

ಹುಬರ್ ಸಾಹೇಬರ ಕಣ್ಣು ತೇವವಾಗಿತ್ತು. ಅವರ ಅಜ್ಜಿ ಹಂಗೇರಿಯವಳಂತೆ. ಸಿಬ್ಬಂದಿ ವಿಭಾಗದ ಮುಸ್‌ಅಬ್‌ನನ್ನು ಮೂಲೆಗೆ ಕರೆದು ಏನೋ ಪಿಸುಗುಟ್ಟಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಶಿವರಾಮ್ ನನ್ನ ಕಣ್ಣು ತೆರೆಸಿದ. ಇನ್ನು ಈ ವಿಭಾಗಕ್ಕೆ ಸಮಾನರಾದ ಇಬ್ಬರು ಮುಖ್ಯಸ್ಥರು. ದಮ್ಮಾಮಿಗೆ ಝುಹೈರ್. ತೋಟಗಳ ಪಂಪುಗಳಿಗಾಗಿ ತಬೂಕಿನಲ್ಲಿ ತೆರೆಯುವ ಹೊಸ ಗೋದಾಮಿಗೆ ಶಿವರಾಮ್." ಹತ್ತಿರ ಬಂದು ದನಿ ತಗ್ಗಿಸಿದರು. "ನಿನ್ನ ಹೊಟ್ಟೆಯುರಿಯ ಸುದ್ದಿ ಕೇಳಿದೆ. ತಬೂಕ್ ತಂಪು ಊರು. ಗುಣವಾಗುತ್ತದೆ."

ದೇಶದ ಈ ಅಂಚಿನಲ್ಲಿ ದಮ್ಮಾಮ್, ಆ ಅಂಚಿನಲ್ಲಿ ತಬೂಕ್. ಹೆಂಡತಿ, ಮಗಳ ಶಾಲೆ ಎಲ್ಲ ಇಲ್ಲಿ. ಶಿವರಾಮ ಕಾಲೆಳೆಯುತ್ತ ಹೊರಗೆ ಬಂದಾಗ ಮುಸ್‌ಅಬ್ ಒಂದು ಕಾಗದವನ್ನು ನಾಲ್ಕು ಚೂರು ಮಾಡುತ್ತಿದ್ದ.

"ಮಬ್ರೂಕ್, ಅಭಿನಂದನೆ ಶಿವರಾಮ್! ಆದರೆ ನೀನು ವಿಚಿತ್ರ ಮನುಷ್ಯ" ಎಂದು ಅವನು ತಲೆಯಾಡಿಸಿದ. "ಈ ಪತ್ರ ಬೆಳಿಗ್ಗೆಯೇ ಟೈಪಾಗಿತ್ತು. ಇಡೀ ವಿಭಾಗಕ್ಕೆ ನೀನೊಬ್ಬನೇ ಮುಖ್ಯಸ್ಥ, ಇಲ್ಲೇ ದಮ್ಮಾಮಿನಲ್ಲಿ. ಸಭೆಯ ಕೊನೆಗೆ ಓದುವುದಷ್ಟೇ ಬಾಕಿಯಿತ್ತು. 'ಶಿವರಾಮಣ್ಣ ನನಗಿಂತ ಹಿರಿಯರು, ಅವರಿಗೇ ಕೊಡಿ' ಎಂದು ಝುಹೈರ್ ಗುರುವಾರವೇ ಬರೆದುಕೊಟ್ಟಿದ್ದ. ಇಬ್ಬರು ಬೇಕೆಂದು ಹಟ ಹಿಡಿದವನು ನೀನು!"

ಶಿವರಾಮ ಆ ನಾಲ್ಕು ಚೂರುಗಳನ್ನು ಇಸಿದುಕೊಂಡು ಜೋಡಿಸಿ ನೋಡಿದ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

"ಏನಾಯ್ತು? ಕುರ್ಚಿ ಯಾರಿಗಂತೆ?" ಎಂದಳು ರತ್ನಪ್ರಭಾ.

"ಇಬ್ರಿಗೂ ಆಯ್ತು" ಎಂದ ಶಿವರಾಮ. "ನಂದು ಸ್ವಲ್ಪ ದೂರ ಉಂಟು."