ಭೂಮಿತಾಯಿ ಉಂಡ ಕಡಬು

ನಮ್ಮ ಮನೆಯಲ್ಲಿ ಹಬ್ಬದ ಪದ್ಧತಿ ಸರಿಯಾಗಿ ಬಲ್ಲವನು ನಾನೊಬ್ಬನೇ. ಇದು ನನ್ನ ಅಭಿಪ್ರಾಯ. ಮನೆಯವರ ಅಭಿಪ್ರಾಯ ಕೇಳುವ ಅಗತ್ಯ ನನಗೆ ಕಂಡಿರಲಿಲ್ಲ.

ಎಳ್ಳಮಾವಾಸ್ಯೆ ಬಂದರೆ ನಾವು ವಿಜಯಪುರದಿಂದ ಬಬಲೇಶ್ವರದ ಕಡೆಗಿರುವ ನಮ್ಮ ಹೊಲಕ್ಕೆ ಹೋಗುತ್ತೇವೆ. ಮೊದಲು ಚರಗ ಚೆಲ್ಲಬೇಕು, ಅಂದರೆ ಹಬ್ಬದ ಅಡುಗೆ ಕಲಸಿ ಹೊಲದಲ್ಲಿ ಚೆಲ್ಲಿ ಭೂಮಿತಾಯಿಗೆ ಮೊದಲ ತುತ್ತು ಉಣಿಸಬೇಕು. ಆಮೇಲೆ ಬೇವಿನ ಗಿಡದ ಕೆಳಗೆ ನಮ್ಮ ಊಟ. ಆ ಊಟ ಹೊರಲು ಹಿಂದೆ ಚಕ್ಕಡಿ ಬೇಕಾಗುತ್ತಿತ್ತು, ಈಗ ಕಾರಿನ ಡಿಕ್ಕಿ ಸಾಕು. ಸಜ್ಜಿ ರೊಟ್ಟಿ ಖಾನಾವಳಿಯಿಂದ ಬರುತ್ತದೆ, ಶೇಂಗಾ ಚಟ್ನಿ ಪಾಕೀಟಿನಿಂದ. ಮನೆಯವರ ಕೈಯಿಂದ ಆಗುವುದು ಒಂದೇ, ಟಿಕೋಟಾಕ್ಕೆ ಕೊಟ್ಟ ನನ್ನ ಅಕ್ಕ ಗಂಗಕ್ಕನ ಸಜ್ಜಿ ಕಡಬು. ಅಕ್ಕನಿಗೆ ಈಗ ಮಣಿಕಟ್ಟು ನೋವು. ಆದರೂ ಈ ಹಬ್ಬಕ್ಕೆಂದು ಮಾಡಿ ತರುತ್ತಾಳೆ. ಅದಕ್ಕಾಗಿ ಮನೆಮಂದಿಯೆಲ್ಲ ವರ್ಷವಿಡೀ ಕಾಯುತ್ತೇವೆ.

ಈ ಸಲ ಕಾರಿನಲ್ಲೇ ನನ್ನ ಉಪನ್ಯಾಸ ಶುರುವಾಯಿತು.

"ಭೂಮಿತಾಯಿಗೆ ಖಾನಾವಳಿ ರೊಟ್ಟಿ ಉಣಸ್ತೀರಿ? ನಾಚಿಕಿ ಬರಬೇಕು!"

"ಮನ್ಯಾಗ ಮಾಡೂಣು. ರೊಟ್ಟಿ ಬಡ್ಯಾಕ ನೀವು ಬರ್ತೀರೇನ್ರಿ?" ಎಂದಳು ಹೆಂಡತಿ ಶಾಂತಾ.

ನಾನು ಘನತೆಯಿಂದ ವಿಷಯ ಬದಲಿಸಿದೆ. "ಚರಗ ಮಾತ್ರ ನಾನ ಚೆಲ್ಲಾಂವ. ಪದ್ಧತಿ ನಿಮಗ ತಿಳಿಯೂದಿಲ್ಲ."

ಹೊಲ ಮುಟ್ಟಿದೆವು. ಹೆಂಗಸರು ಗಿಡದ ಕೆಳಗೆ ಜಮಖಾನ ಹಾಸುತ್ತಿದ್ದರು. ಡಿಕ್ಕಿಯಲ್ಲಿ ಒಂದು ಐಸ್‌ಕ್ರೀಮ್ ಡಬ್ಬಿ ಇತ್ತು, ಪಕ್ಕದಲ್ಲಿ ಬಿಳಿ ಅರಿವೆ ಮುಚ್ಚಿದ ಬುಟ್ಟಿ. ನನ್ನ ಬಾಲ್ಯದಲ್ಲಿ ಚರಗ ಬರುತ್ತಿದ್ದುದು ಬಿಳಿ ಅರಿವೆ ಮುಚ್ಚಿದ ಬುಟ್ಟಿಯಲ್ಲೇ. ಐಸ್‌ಕ್ರೀಮ್ ಡಬ್ಬಿಯಲ್ಲಿ ಚರಗ ತರುವವರು ಯಾರಾದರೂ ಇದ್ದಾರೆಯೇ? ಬುಟ್ಟಿ ಹೊತ್ತು ನಡೆದೆ.

"ಹುಲ್ಲುಲ್ಲಿಗ್ಯೋ! ಚಲ್ಲಂಬರಿಗ್ಯೋ!"

ಚರಗದ ಕೂಗು ಕೂಗುತ್ತ ಬುಟ್ಟಿಗೆ ಕೈ ಹಾಕಿದರೆ ಬರೀ ಕಡಬು! ಶಾಂತಾಳ ಧಾರಾಳತನಕ್ಕೆ ಹೃದಯ ತುಂಬಿ ಬಂತು. ಮುರಿದು ಮುರಿದು ಚೆಲ್ಲಿದೆ. ಜೋಳ ಎದೆಯೆತ್ತರ ನಿಂತಿತ್ತು. ನಾಲ್ಕೂ ಮೂಲೆ ಮುಗಿಸಿ, ಬುಟ್ಟಿ ಕೊಡವಿ, ವಿಜಯಿಯಾಗಿ ಹಿಂತಿರುಗಿದೆ.

ಅಕ್ಕ ಊಟಕ್ಕೆ ತಾಟು ಹಚ್ಚಿದ್ದಳು. "ತಮ್ಮಾ, ಡಿಕ್ಕಿಯೊಳಗ ಕಡಬಿನ ಬುಟ್ಟಿ ಐತಿ, ತಗೊಂಬಾ."

ಬುಟ್ಟಿ ನನ್ನ ಕೈಯಲ್ಲೇ ಇತ್ತು. ಅಕ್ಕ ಬುಟ್ಟಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಎಲ್ಲಾ?"

"ಎಲ್ಲಾ."

ಅಕ್ಕ ಮಣಿಕಟ್ಟು ತಿಕ್ಕಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ನೋಡಲಾರದೆ ಬುಟ್ಟಿಯನ್ನು ಬೆನ್ನ ಹಿಂದೆ ಹಿಡಿದೆ.

"ಹೋಗಲಿ ಬಿಡ ಅಕ್ಕಾ, ನಮ್ಮ ಹೊಲಕ್ಕ ಬಿದ್ದೈತಿ. ಬೆಳಿ ಚಲೋ ಬರ್ತೈತಿ" ಎಂದೆ.

ಅಷ್ಟರಲ್ಲಿ ಬಾಜೂ ಹೊಲದ ಶಿವಪ್ಪ ನಗುತ್ತ ಬಂದ.

"ನಮಸ್ಕಾರ್ರಿ! ನಮ್ಮ ಹೊಲದಾಗ ಯಾರೋ ಪುಣ್ಯಾತ್ಮರು ಕಡಬು ಚೆಲ್ಲ್ಯಾರ್ರಿ. ನಮ್ಮ ನಾಯಿ ಕರದ್ರೂ ಬರವಲ್ದು!"

ಎದೆಯೆತ್ತರದ ಜೋಳದಲ್ಲಿ ಬದು ದಾಟಿದ್ದು ಪುಣ್ಯಾತ್ಮನಿಗೆ ಗೊತ್ತೇ ಆಗಿರಲಿಲ್ಲ! ಗಂಗಕ್ಕ ಒಮ್ಮೆಲೇ ನಗತೊಡಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ಸಂಗತಿ ತಿಳಿದ ಶಿವಪ್ಪ ತನ್ನ ಮನೆಯ ಬುತ್ತಿಯಿಂದ ಒಂದು ತಾಟು ಕಡಬು ತಂದುಕೊಟ್ಟ. ಎಲ್ಲರ ಪಾಲಿಗೂ ಒಂದೊಂದು ಬಂತು.

ಎಲ್ಲರ ಅಂದರೆ, ನನ್ನೊಬ್ಬನನ್ನು ಬಿಟ್ಟು. ಶಾಂತಾ ನನ್ನ ಮುಂದೆ ಐಸ್‌ಕ್ರೀಮ್ ಡಬ್ಬಿ ತೆರೆದಿಟ್ಟಳು. ಒಳಗೆ ಮುರಿದ ರೊಟ್ಟಿ, ಪಲ್ಲೆ, ಚಟ್ನಿ, ಎಲ್ಲ ಕಲಸಿದ್ದು.

"ಇದು ಚರಗ. ಭೂಮಿತಾಯಿ ನಿಮ್ಮ ಪಾಲು ಉಂಡಾಳ. ನೀವು ಆಕಿ ಪಾಲು ಉಣ್ರಿ."

ಉಂಡೆ. ಖಾನಾವಳಿ ರೊಟ್ಟಿ, ಪಾಕೀಟಿನ ಚಟ್ನಿ. ಅಕ್ಕನಿಗೆ ಕೇಳಿಸದಂತೆ ಹೇಳುತ್ತೇನೆ, ಬಹಳ ರುಚಿಯಾಗಿತ್ತು!