ಬಕೆಟ್ಟಿನ ಮೇಲೆ ಕುಳಿತ ಡೀಕನ್ ಅವರ ಸನ್ನಿಧಿಗೆ

ಸವಾನಾ, ಏಪ್ರಿಲ್ ಇಪ್ಪತ್ತೊಂದು

ಓಕ್ ಮರದ ಚೌಕದಲ್ಲಿ ಪ್ರವಾಸಿಗರ ಸಾರೋಟು ಎಳೆಯುವ ಕಂದು ಕುದುರೆಯಾದ ಮಹಾಶಯ ಡೀಕನ್ ಅವರ ನಾಲ್ಕೂ ಗೊರಸುಗಳಿಗೆ ವಂದಿಸಿ ಬರೆದುಕೊಳ್ಳುವ ಬಹಿರಂಗ ಪತ್ರ.

ಮಾನ್ಯರೇ,

ತಮ್ಮ ತಲೆಭಾರ ಇಳಿದು ಎರಡು ದಿನವಾಯಿತೆಂದೂ, ಓಟ್ಸ್ ಎಂದಿನಂತೆ ಸೇರುತ್ತಿದೆಯೆಂದೂ, ವೈದ್ಯರು ಬಂದು ನೋಡಿ ನಗುತ್ತಾ ಹೋದರೆಂದೂ ತಮ್ಮ ಸಾರಥಿ ಸೈಲಸ್ ಅವರಿಂದ ತಿಳಿದು ಬಹಳ ಸಂತೋಷವಾಯಿತು. ಇತ್ತ ನಾನು ಕ್ಷೇಮವಲ್ಲ. ಕಳೆದ ಶನಿವಾರ ಸಂಜೆ ನಾಲ್ಕು ಗಂಟೆ ಐದು ನಿಮಿಷಕ್ಕೆ ತಾವು ಏನನ್ನು ಕುಡಿದಿರಿ, ಆಮೇಲೆ ಯಾವುದರ ಮೇಲೆ ಕುಳಿತಿರಿ ಎಂಬುದು ತಮ್ಮ ಘನ ಗಮನಕ್ಕೆ ಅಷ್ಟಾಗಿ ಬಂದಿರಲಿಕ್ಕಿಲ್ಲವಾದ್ದರಿಂದ, ಅದನ್ನು ವಿನಯದಿಂದ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಾನು ಅಗಸ್ಟಾ ಬ್ರಾಂಟ್ಲಿ. ನಮ್ಮೂರ ಹಳೆಯ ಫಿರಂಗಿ ದಳದ ವಾರ್ಷಿಕ ಪಾರ್ಟಿಗೆ ಫಿರಂಗಿ ಪಂಚ್ ಎಂಬ ಮದ್ಯದ ಪಾನಕ ತಯಾರಿಸುವ ಸಮಿತಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ನಿಂಬೆಹಣ್ಣು ಸುಲಿಯುತ್ತಿರುವವಳು. ಹಳದಿ ಸಿಪ್ಪೆಯನ್ನು ಒಂದು ಚೂರೂ ಬಿಳಿ ತಾಗದಂತೆ ತೆಗೆದು, ಸಕ್ಕರೆ ಸೇರಿಸಿ, ಎಣ್ಣೆ ಬಿಡುವ ತನಕ ಒನಕೆಯಿಂದ ಕುಟ್ಟಿ, ತಣ್ಣೀರಿನಲ್ಲಿ ನೆನೆದ ಹಸಿರು ಚಹಾ ಸೋಸಿ, ಅದಕ್ಕೆ ರಮ್ಮು, ಬ್ರಾಂದಿ, ವಿಸ್ಕಿ ಮೂರನ್ನೂ ಜಗಳವಾಡದಂತೆ ಒಂದೊಂದಾಗಿ ಪರಿಚಯಿಸಿ, ದೇವದಾರಿನ ತೊಟ್ಟಿಯಲ್ಲಿ ಎಂಟು ದಿನ ಮುಚ್ಚಿಟ್ಟು, ಪಾರ್ಟಿಯ ದಿನ ಕುದುರೆಗೆ ನೀರಿಡುವ ಬಕೆಟ್ಟಿನಲ್ಲಿ ಐಸ್ ತುಂಬಿ ಅದರ ಮೇಲೆ ಸುರಿದು, ನೀರು ಹಾಕಬೇಕಾದ ಜಾಗದಲ್ಲಿ ಶಾಂಪೇನ್ ಹಾಕುವುದು ಕ್ರಮ. ಕುಡಿದರೆ ನಿಂಬೆ ಪಾನಕದ ಹಾಗಿರುತ್ತದೆ. ಎದ್ದು ನಿಂತರೆ ಮಾತ್ರ ಅದು ಏನೆಂದು ತಿಳಿಯುತ್ತದೆ.

ಈ ಪಂಚನ್ನು ಕೈಯಾರೆ ಬಡಿಸುವ ಹಕ್ಕು ಊರಿನಲ್ಲಿ ಒಬ್ಬರಿಗೇ, ಬೆಳ್ಳಿ ಸೌಟು ಯಾರ ಬಳಿ ಇದೆಯೋ ಅವರಿಗೆ. ನಲವತ್ತು ವರ್ಷ ಅದು ಮಿಸ್ ಓಡೆಲ್ ಅವರ ಕೈಯಲ್ಲಿತ್ತು. ಎಂಬತ್ತೆಂಟರ ಆ ಹಿರಿಯರ ಮಣಿಕಟ್ಟು ಈ ವರ್ಷ ಸೌಟನ್ನು ಎತ್ತಲು ಒಪ್ಪಲಿಲ್ಲ. ಸೌಟು ಹಿಡಿದವಳು ಓಕ್ ಮರದ ಕೆಳಗೆ, ಎಲ್ಲರ ನಡುವೆ, ಬಿಳಿ ಕೈಗವಸು ತೊಟ್ಟು ನಿಲ್ಲುತ್ತಾಳೆ. ನಿಂಬೆ ಸುಲಿಯುವವಳು ಅಡುಗೆಮನೆಯಲ್ಲಿ ನಿಲ್ಲುತ್ತಾಳೆ. ಇಪ್ಪತ್ತಾರು ಪಾರ್ಟಿಗಳ ಬ್ಯಾಂಡನ್ನು ನಾನು ಕಿಟಕಿಯಿಂದಲೇ ಕೇಳಿದ್ದೇನೆ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಮಾನ್ಯರೇ, ನನಗೆ ಆ ಸೌಟು ಬೇಕು.

ಸೌಟಿಗೆ ಇನ್ನೊಬ್ಬ ಅಭ್ಯರ್ಥಿ ನನ್ನ ನಾದಿನಿ ಹೆಸ್ಟರ್. ಆಕೆ ಪಂಚಿಗೆ ಡಬ್ಬಿಯ ಅನಾನಸ್ ರಸ ಹಾಕುತ್ತಾಳೆ. ಇದಕ್ಕಿಂತ ಹೆಚ್ಚಿಗೆ ನಾನು ಅವಳ ಬಗ್ಗೆ ಕೆಟ್ಟದ್ದು ಹೇಳುವುದಿಲ್ಲ.

ನಮ್ಮಿಬ್ಬರಲ್ಲಿ ಯಾರೆಂದು ತೀರ್ಮಾನಿಸಲು ಹಿಂದಿನಿಂದ ನಡೆದುಬಂದ ಕೂರುವ ಪರೀಕ್ಷೆಯೊಂದಿದೆ. ದಳದ ಮೂವರು ಹಿರಿಯರನ್ನು ತಗ್ಗಿನ ಬೆಂಚಿನ ಮೇಲೆ ಕೂರಿಸಿ, ತಲಾ ಎರಡು ಬಟ್ಟಲು ಕೊಟ್ಟು, ಕಾಲು ಗಂಟೆ ಹವಾಮಾನದ ಬಗ್ಗೆ ಮಾತಾಡಿಸಿ, ಆಮೇಲೆ ಏನನ್ನೂ ಹಿಡಿಯದೆ ಎದ್ದೇಳಲು ಹೇಳಬೇಕು. ಮೂವರೂ ಎದ್ದು ನಿಂತೇ ಇದ್ದರೆ ಅದು ಪಂಚ್ ಅಲ್ಲ, ಹಣ್ಣಿನ ರಸ. ಎದ್ದವರಲ್ಲಿ ಒಬ್ಬರಾದರೂ "ಇರಲಿ ಬಿಡಿ, ಇಲ್ಲೇ ಚೆನ್ನಾಗಿದೆ" ಎಂದು ಮರಳಿ ಕೂತರೆ ತಯಾರಿಸಿದವಳು ಪಾಸು.

ಇನ್ನು ಬಕೆಟ್ಟಿನ ವಿಷಯ. ಅಂಗಡಿಯಿಂದ ಹೊಸದು ತರುತ್ತೇನೆಂದು ನಾನು ಹೇಳಿದ್ದೆ. ಮಿಸ್ ಓಡೆಲ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಲ್ಲ ಕಣೇ ಅಗಸ್ಟಾ, ಕುದುರೆ ಮೂತಿನೇ ಇಡದ ಬಕೆಟ್ಟು ಅದೆಂಥಾ ಬಕೆಟ್ಟೇ? ನಮ್ಮ ಅಜ್ಜಂದಿರು ಹೂದಾನೀಲಿ ಕುಡೀತಿದ್ರಾ?" ಎಂದರು. ಹೀಗಾಗಿ ಸೈಲಸ್ ಅವರನ್ನು ಕಾಡಿ ಬೇಡಿ, ತಮ್ಮ ಸ್ವಂತ ಬಕೆಟ್ಟನ್ನೇ ಎರವಲು ತಂದು, ಏಳು ಸಲ ಉಜ್ಜಿದೆ. ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ 'ಡೀಕನ್' ಎಂಬ ಹೆಸರು ಏಳು ಸಲಕ್ಕೂ ಹೋಗಲಿಲ್ಲ. ಡೀಕನ್ ಎಂದರೆ ನಮ್ಮ ಚರ್ಚಿನಲ್ಲಿ ಮದ್ಯ ಮುಟ್ಟದ ಹಿರಿಯ. ಹಾಗಾಗಿ ಆ ಹೆಸರಿನ ಬಕೆಟ್ಟಿನಿಂದ ಯಾವ ಅಪಾಯವೂ ಇಲ್ಲವೆಂದು ನಂಬಿದೆ.

ಶನಿವಾರ ಬಿಸಿಲು ಜೋರಿತ್ತು. ಐಸ್ ಕರಗುತ್ತದೆಂದು ನಾನು ಬಕೆಟ್ಟನ್ನು ಚೌಕದ ಮೂಲೆಯ ದೊಡ್ಡ ಓಕ್ ಮರದ ನೆರಳಿಗೆ, ಕಲ್ಲಿನ ಕಟ್ಟೆಯ ಮೇಲೆ ಒಯ್ದಿಟ್ಟೆ. ಹನ್ನೊಂದು ವರ್ಷಗಳಿಂದ ಪ್ರತಿದಿನ ನಾಲ್ಕು ಗಂಟೆಗೆ ತಮಗೆ ನೀರಿಡುವುದು ಅದೇ ಕಟ್ಟೆಯ ಮೇಲೆ ಎಂಬುದು ಇಡೀ ಊರಿಗೆ ಗೊತ್ತು. ನನಗೂ ಗೊತ್ತಿತ್ತು; ಆ ಹೊತ್ತಿಗೆ ಮಾತ್ರ ಗೊತ್ತಿರಲಿಲ್ಲ. ಹೆಸ್ಟರ್ ಕೂಡ ನನಗೆ ನೆರಳು ಸಿಕ್ಕಿದ್ದು ಸಹಿಸಲಾರದೆ ತನ್ನ ಬಕೆಟ್ಟನ್ನು ತಂದು ಪಕ್ಕದಲ್ಲೇ ಇಟ್ಟಳು. ನಾನು ಕೈಗವಸು ತರಲು ಒಳಗೆ ಹೋದೆ.

ತಾವು ಬಂದಿರಿ. ಸೈಲಸ್ ಎಂದಿನಂತೆ ತಮ್ಮನ್ನು ಗಾಡಿಯಿಂದ ಬಿಚ್ಚಿದರು. ತಾವು ಮೊದಲು ಹೆಸ್ಟರಳ ಬಕೆಟ್ಟಿಗೆ ಮೂಗಿಟ್ಟು, ಮೇಲ್ದುಟಿಯನ್ನೆತ್ತಿ ಹಲ್ಲು ತೋರಿಸಿ, ಮುಖ ತಿರುಗಿಸಿದಿರಂತೆ. ಇಷ್ಟು ನಿಷ್ಪಕ್ಷಪಾತವಾದ ವಿಮರ್ಶೆಯನ್ನು ನಮ್ಮ ಸಮಿತಿ ಈವರೆಗೆ ಕಂಡಿಲ್ಲ. ಅನಂತರ ತಮ್ಮದೇ ಹೆಸರಿದ್ದ ಬಕೆಟ್ಟಿಗೆ ಬಾಯಿಟ್ಟು, ಕಣ್ಣು ಮುಚ್ಚಿ, ಅರ್ಧ ಕುಡಿದು, ಸಭ್ಯರಾಗಿ ಹಿಂದಕ್ಕೆ ಸರಿದಿರಿ. ನಾನು ಕೈಗವಸು ತೊಟ್ಟು ಹೊರಬಂದಾಗ ಸೈಲಸ್ ತಮ್ಮ ಕಡಿವಾಣ ಹಿಡಿದು, "ನಡಿಯಪ್ಪಾ ಡೀಕನ್, ಜನ ಕಾಯ್ತಾವ್ರೆ, ಏನ್ ಅಷ್ಟೊಂದು ಯೋಚ್ನೆ?" ಎಂದು ಕೇಳುತ್ತಿದ್ದರು. ತಾವು ಒಂದು ಹೆಜ್ಜೆ ಇಟ್ಟಿರಿ. ಅದನ್ನು ಹಿಂದಕ್ಕೆ ತೆಗೆದುಕೊಂಡಿರಿ. ಒಂದು ಸುತ್ತು ತಿರುಗಿ, ಕಟ್ಟೆಗೆ ಬೆನ್ನು ಹಾಕಿ, ಇನ್ನೂರು ಅತಿಥಿಗಳೂ ಹನ್ನೊಂದು ಪ್ರವಾಸಿಗರೂ ನೋಡುತ್ತಿದ್ದಂತೆ, ಉಳಿದರ್ಧ ಪಂಚಿನ ಮೇಲೆ ಕುಳಿತುಬಿಟ್ಟಿರಿ.

ಬಕೆಟ್ಟು ತಟ್ಟೆಯಾಯಿತು. ನನ್ನ ಎಂಟು ದಿನ ಚರಂಡಿಯಲ್ಲಿ ಹರಿದುಹೋಯಿತು. ನಾನು ಅಲ್ಲೇ ನಿಂತು ಅತ್ತೆ, ಬಿಳಿ ಕೈಗವಸಿನಲ್ಲೇ ಮೂಗು ಒರೆಸಿಕೊಂಡೆ. ಆಗ ಮಿಸ್ ಓಡೆಲ್ ಗಾಲಿಕುರ್ಚಿಯಿಂದಲೇ ಚಪ್ಪಾಳೆ ತಟ್ಟಿ, "ಕೂತ ಕಣ್ರೋ, ಕೂತ! ನಲವತ್ತು ವರ್ಷದಲ್ಲಿ ಒಬ್ಬನೂ ಇಷ್ಟು ಚೆಂದಾಗಿ ಕೂತಿರ್ಲಿಲ್ಲ! ಕೊಡ್ರೋ ಆ ಹುಡುಗಿಗೆ ಸೌಟು!" ಎಂದು ಕೂಗಿದರು. ಆ ಹುಡುಗಿ ಎಂದರೆ ನಾನು, ನನಗೆ ಅರವತ್ತೊಂದು.

ಸೌಟು ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು, ಮಾನ್ಯರೇ. ಅಷ್ಟರಲ್ಲಿ ಹೆಸ್ಟರ್ ಅಡ್ಡ ಬಂದು, "ತಡೀರಿ ಅತ್ತಿಗೆ, ಅದು ನಿಮ್ಮ ಪಂಚಿಗೆ ಕೂತಿದ್ದಲ್ಲ, ವಯಸ್ಸಾಗಿ ಕೂತಿದ್ದು. ಮುದಿ ಕುದುರೆ, ಮಂಡಿ ನೋವು" ಎಂದಳು. ಹದಿನಾಲ್ಕು ವರ್ಷದ ತಮ್ಮನ್ನು ಮುದಿ ಎಂದಳು. ಇದನ್ನು ತಾವು ಮರೆಯಬಾರದೆಂದು ಇಲ್ಲಿ ದಾಖಲಿಸಿದ್ದೇನೆ. ಮುಂದೆ ನಡೆದದ್ದು ಇನ್ನೂ ಘೋರ. ಬೇರೆ ದಾರಿಯಿಲ್ಲದೆ ಅತಿಥಿಗಳೆಲ್ಲ ಅವಳ ಅನಾನಸ್ ರಸವನ್ನೇ ಕುಡಿದರು. ಮೂವರು ಹಿರಿಯರೂ ತಲಾ ಐದು ಬಟ್ಟಲು ಕುಡಿದು, ಚರ್ಚಿನಲ್ಲಿ ಹಾಡಲು ಎದ್ದವರಂತೆ ಒಟ್ಟಿಗೇ ನೆಟ್ಟಗೆ ಎದ್ದು, ಬಿಸಿಲಿರುವಾಗಲೇ ಮನೆಗೆ ನಡೆದುಹೋದರು. ಮರುದಿನ ಎಲ್ಲರಿಗೂ ಎಲ್ಲವೂ ನೆನಪಿತ್ತು. ಯಾರು ಯಾರಿಗೆ ಏನೆಂದರು, ಯಾರ ಗಂಡ ಯಾರೊಡನೆ ಎರಡು ಸಲ ಕುಣಿದ, ಒಂದನ್ನೂ ಯಾರೂ ಮರೆತಿಲ್ಲ. ಈಗ ಊರಿನಲ್ಲಿ ಅರ್ಧಕ್ಕರ್ಧ ಜನ ಮಾತು ಬಿಟ್ಟಿದ್ದಾರೆ. ಈ ದುರಂತವನ್ನು ತಪ್ಪಿಸುವುದಕ್ಕೇ ನಮ್ಮ ಹಿರಿಯರು ಫಿರಂಗಿ ಪಂಚನ್ನು ಕಂಡುಹಿಡಿದದ್ದೆಂದು ನನ್ನ ದೃಢ ಅಭಿಪ್ರಾಯ.

ಸೋಮವಾರ ಸೇರಿದ ಸಮಿತಿಯು ಮೂರು ಗಂಟೆ ಚರ್ಚಿಸಿ, "ಸದರಿ ಕುದುರೆಯು ಕುಳಿತದ್ದು ಪಂಚಿನ ಕಾರಣದಿಂದಲೋ ವಯಸ್ಸಿನ ಕಾರಣದಿಂದಲೋ ಎಂಬುದನ್ನು ಸದರಿ ಕುದುರೆಯೇ ಗುರುವಾರ ಖುದ್ದು ಹಾಜರಾಗಿ ಸ್ಪಷ್ಟಪಡಿಸತಕ್ಕದ್ದು" ಎಂದು ನಿರ್ಣಯಿಸಿದೆ. ಬಕೆಟ್ಟಿನಲ್ಲಿ ಬರೀ ನೀರು ಕೊಡುತ್ತಾರೆ. ಕುಡಿದು ತಾವು ನಿಂತೇ ಇದ್ದರೆ ಮಂಡಿ ಗಟ್ಟಿಯೆಂದು ಸಾಬೀತಾಗಿ ಸೌಟು ನನಗೆ ಬರುತ್ತದೆ. ಕೂತರೆ, ಬೇರೆ ಅಭ್ಯರ್ಥಿಯೇ ಇಲ್ಲದ ಕಾರಣ ಅದು ಹೆಸ್ಟರಳದು, ನಾನು ಸಾಯುವ ತನಕ ಅವಳಿಗಾಗಿ ಅನಾನಸ್ ಡಬ್ಬಿ ತೆರೆಯುತ್ತಿರಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಅತ್ಯಲ್ಪ. ತಟ್ಟೆಯಾದ ಬಕೆಟ್ಟಿಗೆ ಪರಿಹಾರ ಕೇಳುವುದಿಲ್ಲ, ಅದನ್ನು ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದೇನೆ. ಕ್ಷಮಾಪಣೆ ಪತ್ರವೂ ಬೇಡ. ನಿಂತೇ ಇರಿ, ಅಷ್ಟೇ. ಹುಟ್ಟಿದಾಗಿನಿಂದ, ನಿದ್ದೆಯಲ್ಲೂ ಸಹ, ತಾವು ಮಾಡಿಕೊಂಡು ಬಂದಿರುವುದು ಅದನ್ನೇ. ಕಾಲು ಗಂಟೆ ಅದನ್ನೇ ಮಾಡಿದರೆ ಮುಂದಿನ ವರ್ಷ ನಾನು ಬ್ಯಾಂಡನ್ನು ಮರದ ಕೆಳಗೆ ನಿಂತು ಕೇಳುತ್ತೇನೆ.

ಅಡುಗೆಮನೆಯ ಕಿಟಕಿಯ ಬಳಿಯಿಂದ,
ತಮ್ಮ ವಿಶ್ವಾಸಿ,
ಅಗಸ್ಟಾ ಬ್ರಾಂಟ್ಲಿ

ಮರೆತ ಮಾತು: ಸೋಮವಾರದಿಂದ ಹೆಸ್ಟರ್ ದಿನಕ್ಕೆರಡು ಸಲ ತಮ್ಮ ಲಾಯಕ್ಕೆ ಕ್ಯಾರೆಟ್ ಹಿಡಿದು ಬಂದು, "ಕೂತ್ಕೋ ನನ್ನ ರಾಜಾ, ಕೂತ್ಕೊಂಡ್ರೆ ಇನ್ನೊಂದು ಕೊಡ್ತೀನಿ" ಎಂದು ತಮಗೆ ಪಾಠ ಹೇಳುತ್ತಿದ್ದಾಳೆಂದು ಸೈಲಸ್ ತಿಳಿಸಿದರು. ಕ್ಯಾರೆಟ್ ಧಾರಾಳವಾಗಿ ತಿನ್ನಿ, ನನ್ನ ಅಭ್ಯಂತರವಿಲ್ಲ. ಗುರುವಾರ ಆ ಪಾಠ ನೆನಪಾಗಿ, ಕೂರದೆ ಇರಲಾಗುವುದೇ ಇಲ್ಲ ಎನ್ನಿಸಿದರೆ, ಹೆಸ್ಟರ್ ಎಡಗಡೆಯಿಂದ ಎರಡನೆಯ ಕುರ್ಚಿಯಲ್ಲಿ ಕುಳಿತಿರುತ್ತಾಳೆ.