ಒಮ್ಮೆ ಬರೆದು ಮೂವತ್ತೆರಡು ಸಲ ಬಳಸುವುದನ್ನು ನಿಷೇಧಿಸುವ ಬಗ್ಗೆ

ದೋಣಿ ಪರವಾನಗಿ ನಿರ್ದೇಶನಾಲಯ, ಮಂಗೋಚಿ
ಸಂಖ್ಯೆ: ದೋಪನಿ/ಗಣಕ/992/41

ವಿಷಯ: ನೌಕರರು ಫಂಕ್ಷನ್ (ಒಮ್ಮೆ ಬರೆದಿಟ್ಟು, ಬೇಕಾದಾಗಲೆಲ್ಲ ಹೆಸರಿನಿಂದ ಕರೆದು ಕೆಲಸ ಮಾಡಿಸುವ ಪ್ರೋಗ್ರಾಂ ಸಾಲುಗಳು) ಬರೆದು ಕೆಲಸ ಕಡಿಮೆ ಮಾಡುತ್ತಿರುವ ಕುರಿತು.

ಉಲ್ಲೇಖ: ಕಾಯಂ ಆಗಲು ಸಾವಿರ ಸಾಲು ಪ್ರೋಗ್ರಾಂ ಬರೆದಿರಬೇಕೆಂಬ ನಿಯಮ.

ತಾತ್ಕಾಲಿಕ ಗುಮಾಸ್ತೆ ಕು. ಅಲಿನಾಫೆ ಚಿಂಗ್ವಾಲು ಅವರು ಪರವಾನಗಿ ಚೀಟಿ ಮುದ್ರಿಸುವ ಅವೇ ಮೂವತ್ತೊಂದು ಸಾಲುಗಳನ್ನು ಸರೋವರದ ಮೂವತ್ತೆರಡು ದಡಗಳಿಗೂ ಬೇರೆ ಬೇರೆಯಾಗಿ ನಕಲು ಮಾಡಿ, 992 ಸಾಲು ಮುಗಿಸಿದ್ದರು. ನಕಲಿನಲ್ಲಿ ಒಂದು ಕಡೆ ತಪ್ಪಿ, ಮಕಾವದ ಬೆಸ್ತರಿಗೆ ಬೇರೆ ದಡದ ಚೀಟಿ ಹೋಗಿ, ಅವರು ಒಂದು ವಾರ ಬಲೆ ಬೀಸಲಾಗದೆ ಕಚೇರಿಗೆ ಬಂದು ಕುಳಿತರು. ಮರುದಿನವೇ, ಕಾಯಂ ಆಗಲು ಎಂಟೇ ಸಾಲು ಬಾಕಿ ಇರುವಾಗ, ಸದರಿಯವರು ಅಷ್ಟನ್ನೂ ಅಳಿಸಿ ನಲವತ್ತೊಂದು ಸಾಲಿನ ಒಂದೇ ಫಂಕ್ಷನ್ ಬರೆದಿರುತ್ತಾರೆ. ಅಳಿಸಿದ ಮೇಲೆ ನಕ್ಕರೆಂದು ಪಕ್ಕದ ಮೇಜಿನವರು ವರದಿ ಮಾಡಿರುತ್ತಾರೆ.

ವಿಚಾರಣೆಯಲ್ಲಿ ಸದರಿಯವರು ನಿರ್ದೇಶಕರನ್ನು ಉದ್ದೇಶಿಸಿ, "ಕೆಲಸ ಒಂದೇ ಅಲ್ವಾ ಬ್ವಾನಾ, ದಡದ ಹೆಸರು ಮಾತ್ರ ಬೇರೆ. ಅದಕ್ಕೇ ಹೆಸರಿನ ಜಾಗ ಖಾಲಿ ಬಿಟ್ಟಿದೀನಿ. ನೀವು ಹೆಸರು ಕೊಡಿ, ಅದು ಚೀಟಿ ಕೊಡುತ್ತೆ. ತಪ್ಪಿದ್ರೂ ಒಂದೇ ಕಡೆ ತಿದ್ದಿದ್ರೆ ಆಯ್ತು" ಎಂದು ಹೇಳಿಕೆ ನೀಡಿರುತ್ತಾರೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಇನ್ನು ಮುಂದೆ ಪ್ರತಿ ದಡಕ್ಕೂ ಹೊಸದಾಗಿಯೇ ಬರೆಯತಕ್ಕದ್ದು. ತಪ್ಪುಗಳೂ ಆಯಾ ದಡಕ್ಕೆ ಪ್ರತ್ಯೇಕವಾಗಿರತಕ್ಕದ್ದು.

2. ಹೆಸರಿನ ಜಾಗ ಖಾಲಿ ಬಿಡುವುದನ್ನು ಖಾಲಿ ಕಾಗದಕ್ಕೆ ಸಹಿ ಹಾಕಿದಂತೆ ಪರಿಗಣಿಸಲಾಗುವುದು.

3. ಲೆಕ್ಕಪತ್ರ ಶಾಖೆಯವರು ತಾವೂ ಒಂದು ಫಂಕ್ಷನ್ ಬರೆದು, ಅದನ್ನು ಒಮ್ಮೆಯೂ ಕರೆಯದೆ, ಫಲಿತಾಂಶಕ್ಕಾಗಿ ಎರಡು ವಾರ ಕಾದಿರುವುದು ಗಮನಕ್ಕೆ ಬಂದಿದೆ. ಯಾರಿಗೂ ತೊಂದರೆಯಾಗದ ಕಾರಣ ಅವರ ತಾಳ್ಮೆಯನ್ನು ಶ್ಲಾಘಿಸಲಾಗಿದೆ.

4. ಮೆಥಡ್‌ಗೆ ನಿಷೇಧವಿಲ್ಲ. ಅದೂ ಫಂಕ್ಷನ್ನೇ ಆದರೂ ಒಂದು ವಸ್ತುವಿಗೆ ಸೇರಿರುತ್ತದೆ. ಮುದ್ರೆ ಒತ್ತುವ ಕೆಲಸ ಮುದ್ರೆಯದೇ ಆಗಿರುವಂತೆ. ಮುದ್ರೆಯು ಅದರ ಉಸ್ತುವಾರಿ ನೋಡುವ ಅಮಾಯಿ (ಶ್ರೀಮತಿ) ನಮಲೋಂಬಾ ಅವರ ಬೀರುವಿನಲ್ಲಿರುತ್ತದೆ. ಅವರು ರಜೆಯಲ್ಲಿದ್ದ ಗುರುವಾರ, ನಾಲ್ವರು ನೌಕರರು ಬರಿಯ ಮೇಜಿಗೆ "ಒತ್ತು" ಎಂದು ಗಂಟೆಗಟ್ಟಲೆ ಆಜ್ಞಾಪಿಸಿದ್ದು ವ್ಯರ್ಥವೆಂದು ತಿಳಿಯತಕ್ಕದ್ದು.

5. 959 ಸಾಲುಗಳ ಕೊರತೆಗಾಗಿ ಕು. ಅಲಿನಾಫೆ ಅವರನ್ನು ಸೇವೆಯಿಂದ ತೆಗೆದುಹಾಕಲು ತೀರ್ಮಾನಿಸಲಾಗಿದೆ. ಇದನ್ನು ತಿಳಿಸಿದಾಗ ಸದರಿಯವರು, "ಆಯ್ತು ಬ್ವಾನಾ. ಆದ್ರೆ ಆ ನಲವತ್ತೊಂದು ಸಾಲು ಅಳಿಸ್ಬೇಡಿ, ಬೆಸ್ತರ ಚೀಟಿ ಮತ್ತೆ ತಪ್ಪುತ್ತೆ" ಎಂದಷ್ಟೇ ಹೇಳಿರುತ್ತಾರೆ.

6. ಈ ಸುತ್ತೋಲೆಯನ್ನು ಕಲಂ 1ರಂತೆ ಮೂವತ್ತೆರಡು ಸಲ ಬೆರಳಚ್ಚು ಮಾಡಲು ಕೂತ ಇಬ್ಬರು ಮೂರು ದಿನದಲ್ಲಿ ಮೂರನೇ ದಡ ತಲುಪಿದರು. ಆದ್ದರಿಂದ ಇಂದಿನ ಮಟ್ಟಿಗೆ ನಿಯಮ ಸಡಿಲಿಸಿ, ಸದರಿಯವರ ಫಂಕ್ಷನ್ನಿನಲ್ಲಿ ಚೀಟಿಯ ಬದಲು ಈ ಸುತ್ತೋಲೆಯನ್ನಿಟ್ಟು, ಅದನ್ನು ಮೂವತ್ತೆರಡು ಸಲ ಕರೆಯಲಾಯಿತು. ಮಧ್ಯಾಹ್ನದ ನ್ಸಿಮಾ ಮುದ್ದೆ ಆರುವ ಮೊದಲೇ ಕೆಲಸ ಮುಗಿದಿರುತ್ತದೆ.

7. ಸೇವೆಯಿಂದ ತೆಗೆದುಹಾಕುವ ಆದೇಶವೂ ಮೂವತ್ತೆರಡು ದಡಗಳಿಗೆ ತಲುಪಿದ ನಂತರವೇ ಜಾರಿಗೆ ಬರತಕ್ಕದ್ದು. ನಾಳೆಯಿಂದ ಫಂಕ್ಷನ್ ನಿಷಿದ್ಧವಾದ್ದರಿಂದ ಅದನ್ನು ಸಿದ್ಧಪಡಿಸುವ ಮಾರ್ಗ ತೋಚಿರುವುದಿಲ್ಲ. ಮಾರ್ಗ ತೋಚುವವರೆಗೆ ಸದರಿಯವರು ಅದೇ ಹುದ್ದೆಯಲ್ಲಿ, ಅದೇ ಕಿಟಕಿಯ ಪಕ್ಕ ಮುಂದುವರಿಯತಕ್ಕದ್ದು.

ಸಹಿ/-
ಡಬ್ಲ್ಯು. ಮ್ಸಿಸ್ಕಾ
ನಿರ್ದೇಶಕರು
(ಮುದ್ರೆ: ಅಮಾಯಿ ನಮಲೋಂಬಾ ಬಂದ ನಂತರ)

ಪ್ರತಿಗಳು:
1 ರಿಂದ 32. ಎಲ್ಲ ದಡಗಳ ಅಧಿಕಾರಿಗಳಿಗೆ.
33. ಲೆಕ್ಕಪತ್ರ ಶಾಖೆಗೆ, ಕಾಯುತ್ತಿರಲು ಸೂಚಿಸಿ.
34. ಕು. ಅಲಿನಾಫೆ ಚಿಂಗ್ವಾಲು ಅವರಿಗೆ. ತಮ್ಮ ಪ್ರತಿಯನ್ನು ತಾವೇ ತೆಗೆದುಕೊಳ್ಳುವುದು, ಬೇರೆಯವರಿಗೆ ಫಂಕ್ಷನ್ ಕರೆಯಲು ಬರುವುದಿಲ್ಲ.